ನೀರಿನ ವರ್ತುಲದಲ್ಲಿ ಕ್ರಮದ ಭ್ರಾಂತಿ

ಪ್ರೊಸೆಸರಿನಲ್ಲಿ ಕಾದ ನೀರು ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಅದನ್ನೂ ಬೇಯಿಸೀತಾದ್ದರಿಂದ, ಹೊಸಬರು ಅವೆರಡರ ನಡುವೆ, ಅಗ್ಗದ ಅಲ್ಯುಮಿನಿಯಮ್ಮಿನದಾದರೂ ಸರಿಯೇ, ಒಂದು ರೇಡಿಯೇಟರನ್ನು ಇರಿಸತಕ್ಕದ್ದೆಂಬುದು ಕಳೆದ ಸಂಚಿಕೆಯ ಲೇಖಕರ ವಾದ. ಕೇಳುವುದಕ್ಕೆ ಸಯುಕ್ತಿಕವಾಗಿದೆ, ಲೆಕ್ಕಕ್ಕೆ ನಿಲ್ಲದು.

ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯಲು ಸುಮಾರು 4,200 ಜೂಲ್ ಶಾಖ ಬೇಕಾಗಿರುವಲ್ಲಿ, ನಿಮಿಷಕ್ಕೆ 4 ಲೀಟರ್ ಹರಿಯುವ ವರ್ತುಲದೊಳಗೆ 280 ವಾಟಿನ ಪ್ರೊಸೆಸರು, ತಾನೆಷ್ಟೇ ಕುದಿದರೂ, ಹಾದುಹೋಗುವ ನೀರಿಗೆ ಕೂಡಿಸುವುದು ಒಂದೇ ಡಿಗ್ರಿ ಸೆಲ್ಸಿಯಸ್. ಅಷ್ಟಕ್ಕಾಗಿ ಪೆಟ್ಟಿಗೆಯೊಳಗೆ ಕೊಳವೆಗಳ ಜಡೆ ಹೆಣೆಯಬೇಕೆ? ಕ್ರಮವು ನಿಜವಾಗಿ ಮುಖ್ಯವಾಗುವ ಎಡೆಯನ್ನು ಲೇಖಕರು ಮುಟ್ಟಿಯೇ ಇಲ್ಲ: ತೊಟ್ಟಿಯು ಪಂಪಿನ ಬಾಯಿಗಿಂತ ಎತ್ತರದಲ್ಲಿದ್ದು ಅದಕ್ಕೆ ನೀರೂಡುತ್ತಿರಬೇಕು, ಒಣಗಿ ತಿರುಗಿದ ಪಂಪು ಬಾಳದು.

ಇನ್ನು ಅಲ್ಯುಮಿನಿಯಂ. ತಾಮ್ರದ ಬ್ಲಾಕಿನೊಡನೆ ಒಂದೇ ನೀರಿನಲ್ಲಿ ಕೂಡಿಸಿದ ಅದು ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಸವೆಯತೊಡಗಿ, ಅದರ ಕಿಟ್ಟವು ಬ್ಲಾಕಿನ ಕೂದಲೆಳೆಯಂಥ ಸೀಳುಗಳನ್ನು ಮುಚ್ಚುವುದು. ಆಗ ಬದಲಿಸಬೇಕಾದುದು ರೇಡಿಯೇಟರೊಂದನ್ನೇ ಅಲ್ಲ.