ಗೋತ್ರಕ್ಕೆ ಕಾಣದ ನಂಟು

ಮೊನ್ನೆ ನೆಂಟರೊಬ್ಬರ ಮನೆಯಲ್ಲಿ ಎರಡು ಜಾತಕಗಳ ವಿಚಾರಣೆ ನಡೆಯಿತು. ಮೊದಲನೆಯ ಹುಡುಗ ಬೀದರಿನ ಕಡೆಯವನು. ಅವರಿಗೂ ನಮ್ಮವರಿಗೂ ತಲೆಮಾರುಗಳಿಂದ ಹೋಕುಬಳಕೆಯಿಲ್ಲ. ಆದರೂ ಗೋತ್ರ ಒಂದೇ ಆಯಿತೆಂದು ಸಂಬಂಧ ಮುರಿಯಿತು. ಎರಡನೆಯವನು ಹುಡುಗಿಯ ಸ್ವಂತ ಸೋದರಮಾವ. ಗೋತ್ರ ಬೇರೆ! ಎಲ್ಲರಿಗೂ ಸಮಾಧಾನವಾಗಿ ಕಾಫಿ ಬಂತು.

ನನಗೆ ಆ ಕಾಫಿ ಇಳಿಯಲಿಲ್ಲ. ಗೋತ್ರ ಎಣಿಸುವುದು ಗಂಡುಸಾಲನ್ನು ಮಾತ್ರ. ತಾಯಿಯ ಕಡೆಯಿಂದ ಬಂದದ್ದು ಅದರ ಲೆಕ್ಕಕ್ಕೇ ಇಲ್ಲ. ಪ್ರಕೃತಿಗೆ ಈ ಪಕ್ಷಪಾತವಿಲ್ಲ. ವಂಶವಾಹಿಗಳ ಪ್ರತಿಯೊಂದು ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ನಮ್ಮೆಲ್ಲರಲ್ಲೂ ಕೆಲವು ದೋಷಗಳು ಅಡಗಿರುತ್ತವೆ. ಜೋಡಿಯ ಇನ್ನೊಂದು ಸರಿಯಾಗಿರುವುದರಿಂದ ನಮಗೆ ತಿಳಿಯುವುದಿಲ್ಲ. ಗಂಡಹೆಂಡಿರಿಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಮಾತ್ರ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ: ಹುಟ್ಟುಕಿವುಡು, ಥಲಸ್ಸೀಮಿಯ, ಇನ್ನೂ ಹೆಸರಿಲ್ಲದ ಎಷ್ಟೋ. ಸೋದರಮಾವನಿಗೂ ಸೊಸೆಗೂ ಸರಾಸರಿ ಕಾಲುಭಾಗ ವಂಶವಾಹಿಗಳು ಸಮಾನ. ಅಜ್ಜನ ದೋಷ ಮಗನಿಗೆ ನೇರವಾಗಿ, ಮೊಮ್ಮಗಳಿಗೆ ಮಗಳ ಮೂಲಕ ಬಂದು, ಹಸೆಮಣೆಯ ಮೇಲೆ ಮತ್ತೆ ಕೂಡಿಕೊಳ್ಳಬಹುದು.

“ರಕ್ತಪರೀಕ್ಷೆ ಆಗಿದೆ, ಗುಂಪು ಬೇರೆ ಬೇರೆ” ಎಂದರು ಹುಡುಗಿಯ ತಂದೆ. ವಿಜ್ಞಾನದ ಪದವೀಧರರು! ಎ, ಬಿ, ಓ ಎಂಬುದು ಒಂದೇ ಒಂದು ವಂಶವಾಹಿಯ ಮಾತು. ಉಳಿದ ಸುಮಾರು 20 ಸಾವಿರದ ವಿಷಯದಲ್ಲಿ ಅದು ತುಟಿ ಬಿಚ್ಚುವುದಿಲ್ಲ.

“ನಮ್ಮಜ್ಜಿ ಸೋದರಮಾವನನ್ನೇ ಮದುವೆಯಾದಳು, ಏನಾಯಿತು?” ಎಂಬುದು ಇನ್ನೊಂದು ಬಾಣ. ನಿಜ, ಇಂಥ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಅಜ್ಜಿ ಹೆತ್ತದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿದವರುಂಟೆ? ತೊಟ್ಟಿಲಲ್ಲೇ ಹೋದವರ ಹೆಸರನ್ನು ವಂಶಾವಳಿಯಲ್ಲಿ ಯಾರೂ ಬರೆಯುವುದಿಲ್ಲ.

ರೂಢಿಯ ಬೇರು ಆಳವಾದದ್ದು, ಒಪ್ಪುತ್ತೇನೆ. ನಮ್ಮ ನುಡಿಯಲ್ಲೇ ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. 1955ರ ಹಿಂದೂ ವಿವಾಹ ಕಾಯಿದೆ ಕೂಡ ಇಂಥ ಮದುವೆಯನ್ನು ನಿಷೇಧಿಸಿದಂತೆ ಮಾಡಿ, ರೂಢಿಯಿದ್ದವರಿಗೆ ಹಿತ್ತಿಲ ಬಾಗಿಲನ್ನು ತೆರೆದಿಟ್ಟಿತು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಸುಮಾರು ಮೂರರಲ್ಲೊಂದು ಮಗುವಿನ ತಂದೆತಾಯಿಗಳು ಮೊದಲೇ ರಕ್ತಸಂಬಂಧಿಗಳಾಗಿದ್ದರು. ಹಳ್ಳಿಯ ಅಜ್ಞಾನವೆಂದು ನಾವು ಪಟ್ಟಣಿಗರು ಮೂಗು ಮುರಿಯುವಂತಿಲ್ಲ.

ಈ ಸಂಬಂಧ ಬೇಡ, ಬೇಕೇ ಬೇಕೆಂದರೆ ಮೊದಲು ಇಬ್ಬರನ್ನೂ ತಳಿವೈದ್ಯರೊಬ್ಬರ ಬಳಿ ಕಳಿಸಿ ಎಂದೆ. “ಶುಭಕಾರ್ಯದ ಹೊತ್ತಿನಲ್ಲಿ ಅಪಶಕುನ ನುಡಿಯಬೇಡಿ” ಎಂದರು ಹಿರಿಯರು. ಹುಡುಗಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.