ಟೈಪಿಸ್ಟಮ್ಮನ ಕೈಗೆ ಕೋಲು ಬಂದಾಗ

ತಾವರಗೇರಾದ ಹೆಣ್ಣುಮಗಳೊಬ್ಬಳು ‘ನಾನು ಪೂಲ್ ಆಡಾಕ ಹೊಂಟೀನಿ’ ಎಂದರೆ, ‘ಅದೇನವ್ವಾ, ಈಜೋದನ?’ ಎಂದು ಮನೆಯವರು ಕೇಳಿಯಾರು. ಈಜಲ್ಲ. ಬಟ್ಟೆ ಹೊದಿಸಿದ 9 ಅಡಿ ಉದ್ದದ ಮೇಜು, ಆರು ಕಿಸೆ, ಬಣ್ಣದ ಚೆಂಡು, ಹೊಡೆಯಲು ಒಂದು ಕೋಲು. ಕೇರಂ ಆಡಿದವರಿಗೆ ಅರ್ಧ ಗೊತ್ತಿರುವ ಆಟವೇ. ಸ್ನೂಕರ್, ಬಿಲಿಯರ್ಡ್ಸ್ ಇದರ ಅಣ್ಣಂದಿರು. ಅವರ ಮೇಜು 12 ಅಡಿಯದು. ಇಷ್ಟು ತಿಳಿದ ಮೇಲೆ ಬರುವ ಎರಡನೆಯ ಮಾತು: ‘ಅದು ಗಂಡಸರ ಕ್ಲಬ್ಬಿನ ಆಟ, ನಿನಗ್ಯಾಕ?’

ಆ ಮಾತಿಗೆ ಉತ್ತರ ಬೆಂಗಳೂರಿನ ಆರ್. ಉಮಾದೇವಿ ನಾಗರಾಜ್. ರಾಜಮನೆತನದವರಲ್ಲ, ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದವರು. (ನಮ್ಮ ರೈತರು ದಾಳಿಂಬೆ ಸಬ್ಸಿಡಿಗೆ ಅರ್ಜಿ ಹಿಡಿದು ಅಲೆಯುತ್ತಾರಲ್ಲ, ಅದೇ ಇಲಾಖೆ.) 1995ರಲ್ಲಿ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋದರೆ ಮೇಜು ಖಾಲಿ ಇರಲಿಲ್ಲ. ಕಾದೂ ಕಾದೂ ಬೇಜಾರಾಗಿ ಬಿಲಿಯರ್ಡ್ಸ್ ಮೇಜಿನತ್ತ ನಡೆದರು. ಆಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ನಮ್ಮಲ್ಲಿ ಆಟ ಬಿಟ್ಟು ಹದಿನೈದು ವರ್ಷ ಆಗಿರುವ ವಯಸ್ಸು. 2012ರಲ್ಲಿ ಅದೇ ಟೈಪಿಸ್ಟಮ್ಮ ಬಿಲಿಯರ್ಡ್ಸ್‌ನಲ್ಲಿ ವಿಶ್ವ ಚಾಂಪಿಯನ್!

ಅವರೊಬ್ಬರೇ ಅಲ್ಲ. ಹಾಕಿ ಆಡುತ್ತಿದ್ದ ಚಿತ್ರಾ ಮಗಿಮೈರಾಜ್ ಮೊಣಕಾಲಿಗೆ ಪೆಟ್ಟಾದ ಮೇಲೆ ಕೋಲು ಹಿಡಿದು 2006, 2007ರಲ್ಲಿ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ತಂದರು. ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್‌ಯೀ ಎದುರು 5-6ರಲ್ಲಿ, ಕಟ್ಟಕಡೆಯ ಫ್ರೇಮಿನಲ್ಲಿ ಸೋತರು.

ಮೂವರೂ ಬೆಂಗಳೂರಿನವರು. ಬೆಂಗಳೂರಿನ ನೀರು ಕುಡಿದರೆ ಗುರಿ ಬರುತ್ತದೆಯೇ? ಇಲ್ಲ. ಅಲ್ಲಿ ಮೇಜು ಇದೆ. ಅದಕ್ಕಿಂತ ಮುಖ್ಯ, ನೌಕರರ ಕ್ಲಬ್ಬಿನಲ್ಲಿ ಟೈಪಿಸ್ಟ್ ಹೆಂಗಸೂ ಕೋಲು ಹಿಡಿಯಬಹುದಿತ್ತು. ಸಾಹುಕಾರರ ಕ್ಲಬ್ ಆಗಿದ್ದರೆ ಗೇಟಿನಲ್ಲೇ ‘ಯಾರ್ರೀ ನೀವು?’ ಎನ್ನುತ್ತಿದ್ದರು.

ಹೊಟ್ಟೆಪಾಡಿನ ಮಾತೂ ಇದೆ. ಅಮೆರಿಕದಲ್ಲಿ ಪೂಲ್ ಆಡುವ ಹೆಂಗಸರು 1976ರಲ್ಲೇ ತಮ್ಮದೇ ವೃತ್ತಿಪರ ಸಂಘ ಕಟ್ಟಿಕೊಂಡರು. ಉಮಾದೇವಿಯವರಿಗೆ ಆಸರೆಯಾದದ್ದು ತಿಂಗಳ ಸಂಬಳ. ಬಹುಮಾನ ನಂಬಿ ಬದುಕು ಎಂದು ಯಾವ ತಾಯಿಯೂ ಮಗಳಿಗೆ ಹೇಳಲಾರಳು.

ತಾವರಗೇರಾಕ್ಕೆ ನಾಳೆಯೇ ಲಕ್ಷಗಟ್ಟಲೆ ರೂಪಾಯಿಯ ಕಲ್ಲುಹಾಸಿನ ಮೇಜು ತನ್ನಿರೆಂದು ಯಾರೂ ಹಟ ಹಿಡಿದಿಲ್ಲ. ಜಿಲ್ಲಾ ಕೇಂದ್ರ ಕೊಪ್ಪಳದಲ್ಲಿ ಹೆಣ್ಣುಮಕ್ಕಳೂ ಅಂಜದೆ ಆಡುವಂಥ ಒಂದು ಪೂಲ್ ಮೇಜು, ತಾಲ್ಲೂಕಿನ ನೌಕರರ ಭವನಗಳಲ್ಲಿ ಅವರಿಗೆಂದೇ ಸಂಜೆ ಎರಡು ತಾಸು, ಕೇರಂ ಆದರೂ ಸರಿ. ಕ್ರೀಡಾ ಇಲಾಖೆಯವರು, ನೌಕರರ ಸಂಘದ ಪದಾಧಿಕಾರಿಗಳು ಇತ್ತ ಗಮನ ಕೊಡುವರೇ?