ಬೇರೆ ಸಂಸಾರ ಹೂಡಿದ ಕಾಲೇಜುಗಳು

ಮಗನು ತಂದೆಯಿಂದ ಬೇರೆಯಾಗಿ ಸಂಸಾರ ಹೂಡುತ್ತಾನೆ. ಆದರೆ ತಿಂಗಳ ಅಕ್ಕಿಬೇಳೆಗೆ ಮಾವನ ಹಣವನ್ನೇ ಎದುರು ನೋಡುತ್ತಾನೆ. ಇವನನ್ನು ಸ್ವತಂತ್ರನೆನ್ನಬಹುದೆ? ಇಂಗ್ಲೆಂಡಿನ ಕೆಲವು ಕಾಲೇಜುಗಳ ಕಥೆ ಇಂಥದೇ.

ಅಲ್ಲಿ ಹದಿನಾರು ತುಂಬಿದವರಿಗೂ ದೊಡ್ಡವರಿಗೂ ಕಸಬು ಕಲಿಸುವ ಕಾಲೇಜುಗಳಿವೆ. ಬಡಗಿತನ, ನಲ್ಲಿ ಕೆಲಸ, ಲೆಕ್ಕಪತ್ರ, ಶಿಶುಪಾಲನೆ ಇವುಗಳನ್ನು ಕಲಿಸುವವು ಅವೇ. ಹೊರನಾಡಿನಿಂದ ಬಂದು ನೆಲಸಿದವರಿಗೆ ಇಂಗ್ಲಿಷ್ ಕಲಿಸುವವೂ ಅವೇ. ಮೊದಲು ಇವು ಆಯಾ ಪ್ರದೇಶದ ಸ್ಥಳೀಯ ಆಡಳಿತದ ಕೈಕೆಳಗಿದ್ದವು. ಜಾನ್ ಮೇಜರ್ ಸರಕಾರ 1992ರಲ್ಲಿ ಮಾಡಿದ ಕಾನೂನು ಅವನ್ನು 1993ರ ಏಪ್ರಿಲ್ 1ರಿಂದ ಬೇರ್ಪಡಿಸಿತು. ನೆಲ, ಕಟ್ಟಡ, ಸಿಬ್ಬಂದಿ ಎಲ್ಲವೂ ಆಯಾ ಕಾಲೇಜಿನ ಆಡಳಿತ ಮಂಡಲಿಯ ವಶವಾಯಿತು.

ಇದರಿಂದ ಲಾಭವಿಲ್ಲದೆ ಇರಲಿಲ್ಲ. ಕಾಲೇಜು ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬಹುದಾಯಿತು. ಆದರೆ ಹಣ ಬರುತ್ತಿದ್ದುದು ಕೇಂದ್ರ ಸರಕಾರದ ಅನುದಾನ ಮಂಡಲಿಯಿಂದ. ಕೊಟ್ಟವನು ಕೋಡಂಗಿ ಎಂಬ ನಮ್ಮ ಗಾದೆ ಇಲ್ಲಿ ತಿರುವುಮುರುವಾಯಿತು, ಕೊಟ್ಟವನೇ ಯಜಮಾನನಾದ. ಅಧ್ಯಾಪಕರಿಗೆ ಹೊಸ ಕರಾರುಗಳು ಬಂದವು, ಮುಷ್ಕರಗಳೂ ನಡೆದವು. ಎಷ್ಟೋ ಕಾಲೇಜುಗಳು ಒಂದರಲ್ಲೊಂದು ಸೇರಿಹೋದವು.

ತನ್ನ ಕಾಲಮೇಲೆ ನಿಲ್ಲುವವನಿಗೆ ಬೀಳುವ ಭಯವೂ ಉಂಟಷ್ಟೆ. 2019ರಲ್ಲಿ ಕೆಂಟ್ ಪ್ರಾಂತದ ಹ್ಯಾಡ್ಲೋ ಕಾಲೇಜು ಸಾಲ ತೀರಿಸಲಾರದ ಸ್ಥಿತಿಗೆ ಬಂದು, ಹೊಸ ದಿವಾಳಿ ಕಾನೂನಿನ ಕೆಳಗೆ ಆಡಳಿತಾಧಿಕಾರಿಗಳ ಕೈಸೇರಿದ ಮೊದಲ ಕಾಲೇಜಾಯಿತು. ವಿದ್ಯಾರ್ಥಿಗಳ ಪಾಠ ನಿಲ್ಲದಂತೆ ಆ ಕಾನೂನು ನೋಡಿಕೊಂಡುದು ಸಮಾಧಾನದ ಸಂಗತಿ. ಕೊನೆಗೆ 2022ರ ನವೆಂಬರಿನಲ್ಲಿ ಅಲ್ಲಿನ ಅಂಕಿಸಂಖ್ಯಾ ಇಲಾಖೆಯು ಇವೆಲ್ಲ ಸರಕಾರಿ ವಲಯಕ್ಕೇ ಸೇರಿದವೆಂದು ತೀರ್ಮಾನಿಸಿತು. ಬ್ಯಾಂಕಿನಿಂದ ಹೊಸ ಸಾಲ ಪಡೆಯಲು ಈಗ ಸರಕಾರದ ಅಪ್ಪಣೆ ಬೇಕು. ಬೇರೆಯಾದ ಸಂಸಾರ ಮತ್ತೆ ದೊಡ್ಡ ಮನೆಯ ಲೆಕ್ಕಕ್ಕೆ ಸೇರಿತು.

ನಮಗೇಕೆ ಈ ದೂರದ ಪುರಾಣ ಎನ್ನಬೇಡಿ. ನಮ್ಮ ಮಕ್ಕಳು ಸೇರುವ ಎಷ್ಟೋ ಕಾಲೇಜುಗಳ ಹಲಗೆಯ ಮೇಲೆ 'ಸ್ವಾಯತ್ತ' ಎಂಬ ಮಾತಿದೆ. ಮದರಾಸಿನಲ್ಲಿ 1978ರಿಂದಲೇ ಇಂಥವು ಇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇವನ್ನು ಇನ್ನೂ ಹೆಚ್ಚಿಸಬೇಕೆನ್ನುತ್ತದೆ. ನಮ್ಮಲ್ಲಿ ಈ ಸ್ವಾಯತ್ತತೆ ಮುಖ್ಯವಾಗಿ ಪಠ್ಯಕ್ರಮಕ್ಕೂ ಪರೀಕ್ಷೆಗೂ ಸಂಬಂಧಿಸಿದ್ದು. ಪದವಿ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಹೆಸರಿನದೇ.

ಆದುದರಿಂದ ತಂದೆತಾಯಿಗಳು ಶುಲ್ಕ ಕಟ್ಟುವ ಮುನ್ನ ಮೂರು ಮಾತು ಕೇಳಲಿ. ಸ್ವಾತಂತ್ರ್ಯ ಯಾವ ವಿಷಯದಲ್ಲಿ? ಹಣ ಯಾರದು? ತಪ್ಪಾದರೆ ಉತ್ತರ ಹೇಳುವವರು ಯಾರು? ಈ ಮೂರಕ್ಕೂ ನೇರವಾದ ಉತ್ತರ ಕೊಡುವ ಕಾಲೇಜನ್ನು ನಂಬಬಹುದು.